ತೇಲುವ ಸೇತುವೆ, ಟೋಲ್ ಮತ್ತು ನಮ್ಮ ಕೃಷ್ಣೆ

ಜಮಖಂಡಿ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ: "ಕಲ್ಕತ್ತೆಯ ಹೌರಾದಲ್ಲಿ ಮೊದಲು ತೇಲುವ ಸೇತುವೆ ಇತ್ತಂತೆ, ದಾಟಲು ಟೋಲ್ ಇತ್ತಂತೆ. ನಿಜವೇ? ಮಳೆಗಾಲದಲ್ಲಿ ಮುಳುಗುವ ನಮ್ಮ ಹೊಳೆಯ ಸೇತುವೆ ಬದಲು ಅಂಥದ್ದನ್ನೇ ಏಕೆ ಕಟ್ಟಬಾರದು?"

ಸಂಪಾದಕರ ಉತ್ತರ: ನಿಜ ರೀ. ಈಗ ಕಾಣುವ ಉಕ್ಕಿನ ಹೌರಾ ಸೇತುವೆ ತೆರೆದದ್ದು 1943ರಲ್ಲಿ. ಅದಕ್ಕೂ ಮೊದಲು ಸುಮಾರು 70 ವರ್ಷ ಜನ ಹೂಗ್ಲಿ ನದಿಯನ್ನು ದಾಟಿದ್ದು ತೇಲುವ ಸೇತುವೆ ಮೇಲೆ. ದೋಣಿಯಂಥ ದೊಡ್ಡ ಪೊಂಟೂನ್‌ಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ರಸ್ತೆ ಹಾಸಿದ್ದರು. ಉದ್ದ 1,528 ಅಡಿ. ಬ್ರಾಡ್‌ಫರ್ಡ್ ಲೆಸ್ಲಿ ಎಂಬ ಎಂಜಿನಿಯರ್ ಇಂಗ್ಲೆಂಡಿನಲ್ಲಿ ಭಾಗಗಳನ್ನು ಮಾಡಿಸಿ, ಹಡಗಿನಲ್ಲಿ ತರಿಸಿ ಇಲ್ಲಿ ಜೋಡಿಸಿದರು.

ಟೋಲಿಗೆ ದಾರಿ ಮಾಡಿದ್ದು 1871ರ ಕಾಯ್ದೆ. ದುಡ್ಡು ಸರ್ಕಾರದ್ದು, ಉಸ್ತುವಾರಿ ಬಂದರು ಕಮಿಷನರುಗಳದ್ದು. ಟೋಲ್ ಗೇಟ್ ಹೊಸ ಕಾಟ ಅಂದುಕೊಂಡವರು ಇದನ್ನು ಗಮನಿಸಬೇಕು!

ಕೆಲಸ ಮುಗಿಯುವ ಮೊದಲೇ ಏಟು ಬಿತ್ತು. 1874ರ ಮಾರ್ಚ್‌ನ ಚಂಡಮಾರುತದಲ್ಲಿ ಎಜೀರಿಯಾ ಎಂಬ ಸ್ಟೀಮರ್ ಲಂಗರು ಕಿತ್ತುಕೊಂಡು ಬಂದು ಸೇತುವೆಗೆ ಗುದ್ದಿತು. ಮೂರು ಪೊಂಟೂನ್ ಮುಳುಗಿದವು, ಸುಮಾರು 200 ಅಡಿ ಹಾಳಾಯಿತು. ಆದರೂ ಅಕ್ಟೋಬರ್‌ನಲ್ಲಿ ಸಂಚಾರ ಶುರುವಾಯಿತು. ಹಡಗು ಬಂದಾಗ ನಡುವಿನ ಭಾಗ ಬಿಚ್ಚಿ ದಾರಿ ಬಿಡಬೇಕು, ಅಷ್ಟು ಹೊತ್ತು ಎರಡೂ ದಡದಲ್ಲಿ ಜನ ಕಾಯಬೇಕು. 1906ರ ಆಗಸ್ಟ್‌ನಲ್ಲಿ ಒಂದು ದಿನ ಎಣಿಸಿ ನೋಡಿದಾಗ ಪ್ರತಿ 13 ವಾಹನಗಳಲ್ಲಿ 8 ಎತ್ತಿನ ಚಕ್ಕಡಿಗಳಿದ್ದವು. ಸಮುದ್ರದ ಉಬ್ಬರ ಇಳಿತ ಅಲ್ಲಿವರೆಗೂ ಬರುತ್ತದೆ. ನೀರು ಏರಿಳಿದಂತೆ ದಡ ಸೇರುವ ತುದಿ ಕಡಿದಾಗುತ್ತಿತ್ತು. ಹೇರಿದ ಚಕ್ಕಡಿ ಎಳೆಯುವ ಎತ್ತಿನ ಗತಿ ನೀವೇ ಊಹಿಸಿ.

ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕೃಷ್ಣೆಯಲ್ಲಿ ಬೇಸಿಗೆಗೆ ಮರಳು, ಬಂಡೆ ಕಾಣುತ್ತದೆ, ಮಹಾರಾಷ್ಟ್ರದ ಘಟ್ಟದಲ್ಲಿ ಜಾಸ್ತಿ ಮಳೆಯಾದರೆ ದಡ ಮೀರುತ್ತದೆ. ಆ ಸೆಳವಿಗೆ, ತೇಲಿ ಬರುವ ಮರಗಳಿಗೆ ಪೊಂಟೂನ್ ಸಾಲು ತಡೆಯುವುದಿಲ್ಲ. ಪ್ರಯಾಗದಲ್ಲಿ ಗಂಗೆಗೆ ಹಾಕುವ ತೇಲು ಸೇತುವೆಗಳನ್ನೂ ಮಳೆಗಾಲಕ್ಕೆ ಮುಂಚೆ ಬಿಚ್ಚಿಡುತ್ತಾರೆ. ಅಂದರೆ ನಿಮಗೆ ಸೇತುವೆ ಬೇಕಾದ ತಿಂಗಳಲ್ಲೇ ಅದು ಇರುವುದಿಲ್ಲ, ಅಲ್ವಾ? ಚಿಕ್ಕೋಡಿ ಕಡೆಯ ತಗ್ಗು ಸೇತುವೆಗಳ ಕಥೆಯೂ ನಿಮ್ಮದೇ. ಅರ್ಜಿ ಬರೆಯುವುದಾದರೆ ಎತ್ತರದ ಸೇತುವೆಯನ್ನೇ ಕೇಳಿ. ಟೋಲ್ ಬೇಡ ಅಂತಲೂ ಒಂದು ಸಾಲು ಸೇರಿಸಿ.