ಇಷ್ಟು ದೂರ ಬಂದಿದ್ದೀವಿ, ನೋಡದೇ ಹೋದರೆ ಹೇಗೆ?

ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದ ಒಬ್ಬ ಗಂಡ ಹೆಂಡತಿಯ ಕತೆ ಇದು. ಹೆಸರು, ಕೆಲಸ, ಮನೆಯ ವಿವರ ಎಲ್ಲವನ್ನೂ ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರೂ ಒಪ್ಪಿದ್ದಾರೆ. ಇವರನ್ನು ಸುಮಾ, ರಾಘು ಅಂತ ಕರೆಯೋಣ. ಬೆಂಗಳೂರಿನವರು. ಮದುವೆಯಾಗಿ ಒಂಬತ್ತು ವರ್ಷ, ಆರು ವರ್ಷದ ಮಗಳಿದ್ದಾಳೆ. ರಾಘು ಅವರ ತಾಯಿಯೂ ಜೊತೆಯಲ್ಲೇ ಇದ್ದಾರೆ.

ಬಂದು ಕೂತ ಮೇಲೆ ಸುಮಾ ಆಡಿದ ಮೊದಲ ಮಾತು ಇದು: "ಮೇಡಂ, ಇವರು ಮತ್ತೆ ಗೋವಾಕ್ಕೆ ಹೋಗೋಣ ಅಂತಿದ್ದಾರೆ. ನನಗೆ ಈಗಲೇ ಸುಸ್ತಾಗ್ತಿದೆ."

ನಗು ಬಂತು, ತಡೆದುಕೊಂಡೆ. ಯಾಕೆಂದರೆ ಅವರು ತಮಾಷೆ ಮಾಡುತ್ತಿರಲಿಲ್ಲ. ಹಿಂದಿನ ವರ್ಷ ಕ್ರಿಸ್‌ಮಸ್ ವಾರದಲ್ಲಿ ಬಾಗಾದಲ್ಲಿ ರೂಮ್ ಮಾಡಿ ನಾಲ್ಕು ದಿನ ಇದ್ದು ಬಂದಿದ್ದರು. ಆ ವಾರ ಉತ್ತರ ಗೋವಾದ ರಸ್ತೆ ಹೇಗಿರುತ್ತದೆ ಅಂತ ಹೋದವರಿಗೆ ಗೊತ್ತು. ಒಂದು ದಿನ ಅಗುವಾದ ಕೋಟೆ, ಒಂದು ದಿನ ಹಳೇ ಗೋವಾದ ಚರ್ಚು, ಮಂಗೇಶಿ, ಶಾಂತಾದುರ್ಗಾ ದೇವಸ್ಥಾನ, ಬುಧವಾರ ಅಂಜುನಾ ಸಂತೆ, ನಡುವೆ ಕಾರಿನಲ್ಲಿ ಮಗು ವಾಂತಿ. ಹೊರಗೆ ಅನ್ನ ಸಾರು ಸಿಗದೇ ಹೋದರೆ ಅತ್ತೆಗೆ ಕಷ್ಟ ಅಂತ ಸುಮಾ ಸಣ್ಣ ಕರೆಂಟ್ ಕುಕ್ಕರ್, ಅಕ್ಕಿ, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಎಲ್ಲ ಹೊತ್ತುಕೊಂಡು ಹೋಗಿ ಹೋಟೆಲ್ ರೂಮಿನ ಬಾತ್‌ರೂಮಿನಲ್ಲಿ ಅಕ್ಕಿ ತೊಳೆದಿದ್ದರು. ಸಮುದ್ರದಲ್ಲಿ ಕಾಲಿಟ್ಟಿದ್ದು ಒಟ್ಟು ನಲವತ್ತು ನಿಮಿಷ. ಇದು ನನ್ನ ಲೆಕ್ಕವಲ್ಲ, ಸುಮಾ ಅವರದು. ವಾಪಸ್ ಬಂದ ಮೇಲೆ ಗಂಡ ಹೆಂಡತಿ ಹನ್ನೊಂದು ದಿನ ಮಾತಾಡಿರಲಿಲ್ಲ.

ರಾಘು ಜೇಬಿನಿಂದ ಮಡಚಿದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರವಿದರು. ಈ ಸಲದ ಎಕ್ಸೆಲ್ ಶೀಟು. ನಾಲ್ಕು ದಿನ, ಹತ್ತೊಂಬತ್ತು ಜಾಗ. ಹಸಿರು ಬಣ್ಣದ್ದು ಬೀಚು, ಹಳದಿ ಕೋಟೆ, ಕೇಸರಿ "ಅಮ್ಮನಿಗೆ". ಒಂದು ಸಾಲಿನಲ್ಲಿ ಮಧ್ಯಾಹ್ನ 2ರಿಂದ 2.45ರವರೆಗೆ "ರಿಲ್ಯಾಕ್ಸ್" ಅಂತ ಇತ್ತು. "ನೋಡಿ ಮೇಡಂ, ಈ ಸಲ ರೆಸ್ಟಿಗೂ ಟೈಮ್ ಹಾಕಿದ್ದೀನಿ," ಅಂದರು. ಪಾಪ, ನಿಜಕ್ಕೂ ಕಷ್ಟಪಟ್ಟು ಮಾಡಿದ್ದರು.

ಗಂಡನನ್ನು ಇಲ್ಲಿ ಖಳನಾಯಕ ಮಾಡುವುದು ಸುಲಭ. ಆದರೆ ಮಾತಾಡುತ್ತಾ ಬೇರೆಯದೇ ಒಂದು ವಿಷಯ ಹೊರಬಿತ್ತು. ರಾಘು ಅವರ ಅಪ್ಪ ಸರ್ಕಾರಿ ಕೆಲಸದಲ್ಲಿದ್ದರು. ಎಲ್‌ಟಿಸಿ, ಅಂದರೆ ಸರ್ಕಾರ ಕೊಡುವ ಪ್ರವಾಸದ ಖರ್ಚು, ಸಿಕ್ಕಾಗ ಮಾತ್ರ ಪ್ರವಾಸ. ಛತ್ರದಲ್ಲಿ ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ತಣ್ಣೀರು ಸ್ನಾನ. ಕನ್ಯಾಕುಮಾರಿಯಲ್ಲಿ ಹುಡುಗ ಸಮುದ್ರಕ್ಕೆ ಇಳಿಯುವಷ್ಟರಲ್ಲಿ ಅಪ್ಪ ಮೇಲಿನಿಂದ ರಾಮೇಶ್ವರದ ಬಸ್ಸಿಗೆ ಹೊತ್ತಾಯಿತು ಅಂತ ಕೂಗುತ್ತಿದ್ದರಂತೆ. ಅವರ ಮಾತು ಒಂದೇ: "ಇಷ್ಟು ದೂರ ಬಂದಿದ್ದೀವಿ, ನೋಡದೇ ಹೋದರೆ ಹೇಗೆ? ಮತ್ತೆ ಯಾವಾಗ ಬರ್ತೀವೋ." ಅವರ ಕಾಲಕ್ಕೆ, ಅವರ ಸಂಬಳಕ್ಕೆ ಆ ಮಾತು ಸರಿಯಾಗಿಯೇ ಇತ್ತು. ಮಗನಿಗೆ ಈಗ ವರ್ಷಕ್ಕೆ ಎರಡು ಸಲ ಹೋಗುವ ಶಕ್ತಿ ಇದೆ. ಮಾತು ಮಾತ್ರ ಹಾಗೇ ಉಳಿದುಕೊಂಡಿದೆ.

ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟೆ. ರಜೆಯ ಎರಡನೇ ದಿನ, ಮಧ್ಯಾಹ್ನ ಮೂರು ಗಂಟೆ. ನೀವು ಎಲ್ಲಿದ್ದೀರಿ, ಕೈಯಲ್ಲಿ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ, ಅಷ್ಟನ್ನೇ ಬರೆಯಿರಿ ಅಂದೆ. ಊರಿನ ಹೆಸರು ಬೇಡ. ರಾಘು ಬರೆದರು: ಎತ್ತರದ ಒಂದು ಜಾಗ, ಕೆಳಗೆ ಸಮುದ್ರ, ಮಗಳಿಗೆ ಕೋಟೆಯ ಕತೆ ಹೇಳುತ್ತಿದ್ದೇನೆ. ಸುಮಾ ಬರೆದಿದ್ದು ಎರಡೇ ಸಾಲು. "ಮಲಗಿದ್ದೀನಿ. ಯಾರೂ ರಾತ್ರಿಗೇನು ಅಂತ ಕೇಳ್ತಿಲ್ಲ."

ಇಬ್ಬರೂ "ಆರಾಮಾಗಿ ಹೋಗಿ ಬರೋಣ" ಅಂತಲೇ ಹೇಳುತ್ತಿದ್ದರು. ಒಬ್ಬರಿಗೆ ಆರಾಮ ಅಂದರೆ ಆಫೀಸಿಲ್ಲದೇ ಓಡಾಡುವುದು, ಇನ್ನೊಬ್ಬರಿಗೆ ಓಡಾಟವೇ ಇಲ್ಲದಿರುವುದು. ಒಂಬತ್ತು ವರ್ಷದಲ್ಲಿ ಇದನ್ನು ಒಬ್ಬರನ್ನೊಬ್ಬರು ಕೇಳಿರಲಿಲ್ಲ. ನಾವೂ ಕೇಳಿರುವುದಿಲ್ಲ ಬಿಡಿ.

ಇನ್ನು ಸಲಹೆ. ಗೋವಾ ಬೇಡ ಅಂತ ನಾನು ಹೇಳಲಿಲ್ಲ. ಆದರೆ ಬಾಗಾ, ಕಲಂಗುಟ್ ಬಿಟ್ಟು ದಕ್ಷಿಣಕ್ಕೆ ಹೋಗಿ ಅಂದೆ. ಪಾಲೋಲೆಂ ಅಥವಾ ಅಗೋಂದ. ಪಾಲೋಲೆಂ ಕಾಣಕೋಣ ತಾಲೂಕಿನಲ್ಲಿದೆ, ನಮ್ಮ ಕಾರವಾರದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಅರ್ಧಚಂದ್ರದ ಹಾಗೆ ಬಾಗಿದ ದಂಡೆ, ಅಲೆ ಕಡಿಮೆ, ಮಕ್ಕಳಿಗೆ ಒಳ್ಳೆಯದು. ರಾಘು ಆಗಲೇ ಮೋಪಾ ವಿಮಾನ ನಿಲ್ದಾಣಕ್ಕೆ ಕಡಿಮೆ ದರದ ಟಿಕೆಟ್ ನೋಡಿಟ್ಟಿದ್ದರು. ಮೋಪಾ ಇರುವುದು ಗೋವಾದ ಉತ್ತರದ ತುದಿಯಲ್ಲಿ, ಪಾಲೋಲೆಂ ದಕ್ಷಿಣದ ತುದಿಯಲ್ಲಿ. ಟಿಕೆಟ್‌ನಲ್ಲಿ ಉಳಿದಿದ್ದು ಟ್ಯಾಕ್ಸಿಗೆ ಹೋಗುತ್ತದೆ, ಮೇಲೆ ಎರಡೂವರೆ ಗಂಟೆ ರಸ್ತೆ. ವಿಮಾನವೇ ಬೇಕಾದರೆ ಗೋವಾದ ಇನ್ನೊಂದು ನಿಲ್ದಾಣ ದಾಬೋಲಿಂ ಹತ್ತಿರವಾಗುತ್ತದೆ. ಅದಕ್ಕಿಂತ, ಸಂಜೆ ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕಾರವಾರ. ಮಗುವೂ ಮಲಗಿಕೊಂಡು ಬರುತ್ತದೆ.

ದಿನ ಆರಿಸುವಾಗ ಡಿಸೆಂಬರ್ ಕೊನೆಯ ವಾರ ಬಿಡಿ, ಜನವರಿ ಮೂರನೇ ವಾರ ನೋಡಿ ಅಂದೆ. ಜೂನ್‌ನಿಂದ ಸೆಪ್ಟೆಂಬರ್ ಅಂತೂ ಬೇಡ, ಮಳೆಗಾಲಕ್ಕೆ ದಂಡೆಯ ಗುಡಿಸಲು, ಶ್ಯಾಕ್ ಅನ್ನುವ ಊಟದ ಚಪ್ಪರ ಎಲ್ಲ ಬಿಚ್ಚಿಡುತ್ತಾರೆ, ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಯಾವ ತಿಂಗಳಾದರೂ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಬೇಡಿ. ಕೆಂಪು ಹಳದಿ ಬಾವುಟಗಳ ನಡುವೆ ಲೈಫ್‌ಗಾರ್ಡ್ ಕಣ್ಣಿಟ್ಟಿರುತ್ತಾರೆ, ಮಗುವನ್ನು ಅಲ್ಲೇ ಆಡಿಸಿ.

ಇದೆಲ್ಲ ಯಾವ ಟ್ರಾವೆಲ್ಸಿನವರಾದರೂ ಹೇಳುತ್ತಾರೆ ಅಂತೀರಾ? ಹೇಳುತ್ತಾರೆ. ಆದರೆ ಎಷ್ಟೋ ಜಗಳ ಮನಸ್ಸಿನಲ್ಲಿ ಅಲ್ಲ, ಬಿಸಿಲಿನ ರಸ್ತೆಯಲ್ಲಿ, ಹಸಿದ ಮಗುವಿನ ಜೊತೆ ಹುಟ್ಟುತ್ತದೆ. ಅದನ್ನು ಮೊದಲೇ ತಪ್ಪಿಸಿದರೆ ನನ್ನ ಕೆಲಸ ಅರ್ಧ ಮುಗಿಯುತ್ತದೆ.

ಉಳಿದರ್ಧ ಹೀಗಿತ್ತು. ಮೊದಲ ದಿನ ಏನೂ ಇಲ್ಲ, ಶೀಟಿನಲ್ಲಿ ಆ ದಿನ ಖಾಲಿ. ರೂಮು ಒಂದೇ ಕಡೆ, ನಾಲ್ಕೂ ದಿನ. ರಾಘು ಅವರ ಓಡಾಟ ರಾಘು ಅವರದೇ: ಬೆಳಿಗ್ಗೆ ಆರರಿಂದ ಹತ್ತರವರೆಗೆ ಸ್ಕೂಟರ್ ತೆಗೆದುಕೊಂಡು ಎಲ್ಲಿಗಾದರೂ ಹೋಗಲಿ, ಯಾರನ್ನೂ ಎಬ್ಬಿಸುವ ಹಾಗಿಲ್ಲ. ಕುಕ್ಕರ್ ಮನೆಯಲ್ಲೇ ಇರಲಿ. ಊಟಕ್ಕೇನು ಅನ್ನುವ ಪ್ರಶ್ನೆಗೆ ನಾಲ್ಕು ದಿನವೂ ರಾಘು ಉತ್ತರ ಹುಡುಕಬೇಕು. ಮತ್ತೆ ದುಡ್ಡು. ಹೋದ ಸಲ ಒಂದು ಎಳನೀರಿನ ರೇಟಿಗೆ ಒಂದು ಮಧ್ಯಾಹ್ನ ಹಾಳಾಗಿತ್ತು. ದಿನಕ್ಕೆ ಇಷ್ಟು ಅಂತ ನಾಲ್ಕು ಕವರ್ ಮಾಡಿ. ಕವರ್‌ನಲ್ಲಿ ದುಡ್ಡಿರುವವರೆಗೆ "ನಮ್ಮೂರಲ್ಲಿ ಇದರ ಅರ್ಧ" ಅನ್ನುವ ಮಾತು ಬಾಯಿಂದ ಬರಬಾರದು.

ಅತ್ತೆಯ ವಿಷಯ ಉಳಿಯಿತು. "ಅಮ್ಮನ್ನ ಬಿಟ್ಟು ಹೋದ್ರೆ ಜನ ಏನಂತಾರೆ," ಅಂತ ರಾಘು. ಕೇಸರಿ ಸಾಲಿನಲ್ಲಿ ಕಾಣಕೋಣದ ಪರ್ತಗಾಳಿ ಮಠವನ್ನೂ ಸೇರಿಸಲು ಆಗಲೇ ಪೆನ್ನು ತೆಗೆದಿದ್ದರು. ನಾನು ಕೇಳಿದೆ: ಅಮ್ಮನಿಗೆ ಏನು ಬೇಕಂತೆ? ಇಬ್ಬರೂ ಮುಖ ಮುಖ ನೋಡಿಕೊಂಡರು. ಮನೆಗೆ ಹೋಗಿ ಕೇಳಿಕೊಂಡು ಬನ್ನಿ ಅಂದೆ. ಮುಂದಿನ ವಾರ ಉತ್ತರ ಬಂತು. ಅವರಿಗೆ ಗೋವಾ ಬೇಡವೇ ಬೇಡ, ಹೋದ ಸಲವೂ ಬೇಡವಾಗಿತ್ತು. ಶಿವಮೊಗ್ಗದಲ್ಲಿ ತಂಗಿ ಇದ್ದಾರೆ, ಅಲ್ಲಿಗೆ ಬಸ್ಸು ಹತ್ತಿಸಿದರೆ ಸಾಕು. "ನೀವೇ ಇಷ್ಟು ಆಸೆಪಟ್ಟು ಕರೀತೀರಿ, ಇಲ್ಲ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಬಂದೆ ಕಣೋ," ಅಂದರಂತೆ.

ಜನವರಿಯಲ್ಲಿ ಮೂವರೇ ಹೋಗಿ ಬಂದರು. ಬಂದ ಮೇಲೆ ಒಂದು ಭೇಟಿ ಇತ್ತು. ರಾಘು ಖುಷಿಯಾಗಿದ್ದರು. ಎರಡು ಬೆಳಿಗ್ಗೆ ಅಗೋಂದ, ಒಂದು ಬೆಳಿಗ್ಗೆ ಕಾಬೊ ದ ರಾಮ ಕೋಟೆಯ ಕಡೆ. ನೀರು ಇಳಿದಾಗ ಪಾಲೋಲೆಂನ ತುದಿಯ ದ್ವೀಪಕ್ಕೆ ಮಗಳನ್ನು ನಡೆಸಿಕೊಂಡು ಹೋಗಿದ್ದರು. ನೀರು ಯಾವಾಗ ಏರುತ್ತದೆ ಅಂತ ಮೊದಲೇ ದೋಣಿಯವರನ್ನು ಕೇಳಿದ್ದರಂತೆ. ಒಂದು ಜಗಳ ಆಗಿದೆ, ಸಣ್ಣದು. ಮೂರನೇ ದಿನದ ಕವರ್ ಮಧ್ಯಾಹ್ನಕ್ಕೇ ಖಾಲಿ.

ಸುಮಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಮೊದಲ ದಿನ ಮಧ್ಯಾಹ್ನ ಮೂರಕ್ಕೆ ಗುಡಿಸಲಿನ ಮುಂದೆ ಮಲಗಿದ್ದಾರೆ, ಗಂಡ ಮಗಳು ನೀರಿನಲ್ಲಿ ಆಡುತ್ತಿದ್ದಾರೆ, ಯಾರೂ ಏನೂ ಕೇಳುತ್ತಿಲ್ಲ. ಹತ್ತು ನಿಮಿಷ ಆಗುವಷ್ಟರಲ್ಲಿ ಎದೆ ಡವಡವ ಅನ್ನಲು ಶುರುವಾಯಿತಂತೆ. ಎದ್ದು ಒಳಗೆ ಹೋಗಿ, ಒಗೆಯಬೇಕಾಗಿಯೇ ಇರದ ಮಗಳ ಫ್ರಾಕು ಬಕೆಟ್ಟಿಗೆ ಹಾಕಿ ಒಗೆದರಂತೆ. ಎರಡನೇ ದಿನವೂ ಅದೇ ಫ್ರಾಕು.

"ನಾನೇ ಕೇಳಿದ್ದು ಇದನ್ನ, ಅಲ್ವಾ ಮೇಡಂ?" ಅಂದರು.

ಮುಂದಿನ ಭೇಟಿಗೆ ಅವರೊಬ್ಬರೇ ಬರುತ್ತಾರೆ. ಗುರುವಾರ ನಾಲ್ಕೂವರೆಗೆ ಬರೆದುಕೊಂಡಿದ್ದೇನೆ.