ಚಕ್ಕೆ ಡಬ್ಬಿಯಲ್ಲಿ ಪುಟ್ಟಿ ವಾಸನೆ!

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರ. ಬೇಸಿಗೆಯಲ್ಲಿ ತಂದಿಟ್ಟಿದ್ದ ಚಕ್ಕೆ ಡಬ್ಬಿಯನ್ನು ಮೊನ್ನೆ ಜೋರು ಮಳೆಯಲ್ಲಿ ತೆಗೆದರೆ ಚಕ್ಕೆಯ ಘಮವೇ ಇಲ್ಲ. ಹೊಸ ಪ್ಲಾಸ್ಟಿಕ್ ಬಕೆಟ್ ಥರ, ಅಲ್ಲಲ್ಲ, ಗ್ಯಾರೇಜಿನಲ್ಲಿ ಕಾರಿಗೆ ಪುಟ್ಟಿ ಮೆತ್ತುವಾಗ ಬರುತ್ತದಲ್ಲ, ಆ ವಾಸನೆ. ಡಬ್ಬಿ ಗಾಜಿನದು. ಅಂಗಡಿಯವನು ಏನೋ ಕೆಮಿಕಲ್ ಬೆರೆಸಿದ್ದಾನೆ ಅಂತ ನಮ್ಮ ಯಜಮಾನರು ಜಗಳಕ್ಕೆ ಹೊರಟಿದ್ದಾರೆ. ಏನಿದು?

ಉತ್ತರ: ಮೊದಲು ಯಜಮಾನರನ್ನು ತಡೆಯಿರಿ. ಅಂಗಡಿಯವನದು ಏನೂ ತಪ್ಪಿಲ್ಲದೆ ಇರಬಹುದು. ನಿಮ್ಮ ಮೂಗು ಮಾತ್ರ ಭಾರಿ ಚುರುಕು. ಕಾರಿನ ಪುಟ್ಟಿಯಲ್ಲಿ ಮೂಗಿಗೆ ಬಡಿಯುವುದು ಸ್ಟೈರೀನ್. ಬೂಷ್ಟು ಹಿಡಿದ ಚಕ್ಕೆಯಲ್ಲಿ ಹುಟ್ಟುವುದೂ ಸ್ಟೈರೀನೇ. ಅದರ ಹಾಗಿರುವ ಇನ್ನೊಂದಲ್ಲ, ಅದೇ ಅಣು.

ಬೆಂಜೀನ್ ಉಂಗುರಕ್ಕೆ ಎರಡು ಕಾರ್ಬನ್ನಿನ ಪುಟ್ಟ ಬಾಲ ಅಂಟಿಸಿದರೆ ಸ್ಟೈರೀನ್. ಬಣ್ಣವಿಲ್ಲದ, ಎಣ್ಣೆಯಂಥ ದ್ರವ. ಕುದಿಯುವುದು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಹಾರಿಹೋಗಲು ಅಷ್ಟು ಬಿಸಿ ಬೇಕಿಲ್ಲ, ಮಾಮೂಲಿ ಹವೆಯಲ್ಲೇ ಎದ್ದು ಮೂಗಿಗೆ ಬರುತ್ತದೆ. ನೀರಿನಲ್ಲಿ ಕರಗುವುದು ಕಡಿಮೆ, ಲೀಟರಿಗೆ ಸುಮಾರು 300 ಮಿಲಿಗ್ರಾಂ. ಒಂಚೂರು ಇದ್ದರೆ ಸಿಹಿ ವಾಸನೆ, ಜಾಸ್ತಿಯಾದರೆ ಕಣ್ಣು ಉರಿ. ಕಾರ್ಖಾನೆಯ ಸರಕು ಅಂತ ನಾವು ತಿಳಿದಿರುವ ಇದು ಮೊದಲು ಸಿಕ್ಕಿದ್ದು ಮರದಲ್ಲಿ ಅಂದರೆ ನಂಬುತ್ತೀರಾ? 1839ರಲ್ಲಿ ಬರ್ಲಿನ್ನಿನ ಔಷಧ ತಯಾರಕ ಎಡ್ವರ್ಡ್ ಸೈಮನ್ ಸ್ಟೋರ್ಯಾಕ್ಸ್ ಎಂಬ ಮರದ ಅಂಟನ್ನು ಬಟ್ಟಿ ಇಳಿಸಿ ಇದನ್ನು ತೆಗೆದ. ಸ್ಟೋರ್ಯಾಕ್ಸ್‌ನಿಂದಲೇ ಸ್ಟೈರೋಲ್ ಅಂತ ಹೆಸರು.

ಈಗ ನಿಮ್ಮ ಡಬ್ಬಿ. ಚಕ್ಕೆಯ ಘಮವೆಲ್ಲ ಹೆಚ್ಚುಕಮ್ಮಿ ಸಿನಮಾಲ್ಡಿಹೈಡ್‌ನದು. ಬೂಷ್ಟಿಗೆ ಅದನ್ನು ಕಂಡರೆ ಆಗದು, ಅದಕ್ಕೇ ಒಣಗಿದ ಚಕ್ಕೆ ಅಷ್ಟು ದಿನ ಕೆಡದೆ ಇರುವುದು. ಹಳೆಯದಾದಂತೆ ಅದು ಗಾಳಿ ತಾಗಿಯೋ, ಬೂಷ್ಟಿನ ಕೈಗೆ ಸಿಕ್ಕಿಯೋ ಸಿನಾಮಿಕ್ ಆಮ್ಲ ಆಗುತ್ತದೆ. ಅದೂ ಬೂಷ್ಟಿಗೆ ವಿಷವೇ. ಆದರೆ ಆಸ್ಪರ್‌ಜಿಲ್ಲಸ್ ನೈಜರ್ ಥರದ ಕೆಲವು ಬೂಷ್ಟುಗಳಲ್ಲಿ, ಕೆಲವು ಯೀಸ್ಟ್‌ಗಳಲ್ಲಿ ಒಂದು ಕಿಣ್ವ ಇದೆ. ಅದು ಆ ಆಮ್ಲದ ತುದಿಯಿಂದ ಒಂದು ಕಾರ್ಬನ್ ಡೈ ಆಕ್ಸೈಡ್ ಕತ್ತರಿಸಿ ಬಿಸಾಡುತ್ತದೆ. ಉಳಿದದ್ದು ಸ್ಟೈರೀನ್. ಹಾರಿಹೋಗುವ ವಸ್ತು ತಾನೇ, ಬೂಷ್ಟಿಗೆ ಕಾಟ ತಪ್ಪಿತು. ಜಗಳಗಂಟ ನೆಂಟನನ್ನು ಬಸ್ ಹತ್ತಿಸಿ ಕಳಿಸಿದ ಹಾಗೆ. ನಿಮ್ಮ ಡಬ್ಬಿಗೆ ಬಿಗಿ ಮುಚ್ಚಳ ಇತ್ತು ನೋಡಿ, ಬಸ್ ಹೊರಡಲೇ ಇಲ್ಲ.

ಇದೇ ಕಿಣ್ವ ಯುರೋಪಿನ ಗೋಧಿ ಬಿಯರಿನಲ್ಲೂ ಕೆಲಸ ಮಾಡುತ್ತದೆ. ಆ ಬಿಯರಿಗೆ ಲವಂಗದಂಥ ವಾಸನೆ ಇರುತ್ತದೆ, ಲವಂಗ ಹಾಕಿರುವುದಿಲ್ಲ. ಯೀಸ್ಟು ಫೆರುಲಿಕ್ ಆಮ್ಲವನ್ನು ಕತ್ತರಿಸಿದರೆ ಆ ಲವಂಗದ ವಾಸನೆ, ಪಕ್ಕದಲ್ಲೇ ಇರುವ ಸಿನಾಮಿಕ್ ಆಮ್ಲವನ್ನು ಕತ್ತರಿಸಿದರೆ ಸ್ಟೈರೀನ್. ಒಂದು ಬೇಕಾದದ್ದು, ಇನ್ನೊಂದು ಬೇಡದ್ದು, ಕತ್ತರಿ ಮಾತ್ರ ಒಂದೇ. ಫ್ರಾನ್ಸಿನ ಕಮೊಂಬೇರ್ ಚೀಸಿನ ಮೇಲೆ ಬೆಳೆಸುವ ಬಿಳಿ ಬೂಷ್ಟೂ ಕೆಲವು ಸಲ ಸ್ಟೈರೀನ್ ಮಾಡಿ ಚೀಸಿಗೆ ಪ್ಲಾಸ್ಟಿಕ್ ವಾಸನೆ ಹಿಡಿಸುತ್ತದೆ. ಅಲ್ಲಿ ಚಕ್ಕೆಯೂ ಇಲ್ಲ, ಡಬ್ಬಿಯೂ ಇಲ್ಲ!

ಆಹಾರ ಪದಾರ್ಥಗಳಲ್ಲಿ ಸ್ಟೈರೀನ್ ಹುಡುಕಿದವರಿಗೆ ಸ್ಟ್ರಾಬೆರಿ, ಕಾಫಿ, ಕಡಲೆಕಾಯಿ ಎಲ್ಲದರಲ್ಲೂ ಅಣುವಿನಷ್ಟು ಸಿಕ್ಕಿದೆ. ಚಕ್ಕೆಯಲ್ಲಿ ಮಾತ್ರ ಕೆಜಿಗೆ 39 ಮಿಲಿಗ್ರಾಂ ತನಕ ಸಿಕ್ಕಿದ್ದುಂಟು. ಹೆದರಬೇಡಿ, ನಾವು ಪಲಾವಿಗೆ ಹಾಕುವುದು ಎರಡು ತುಂಡು. ಅದರಲ್ಲೂ ಬಿಸಿಗೆ ಹಾರಿಹೋಗುವುದೇ ಜಾಸ್ತಿ.

ಹಾಗಂತ ಆ ಚಕ್ಕೆಯನ್ನು ಇಟ್ಟುಕೊಳ್ಳಬೇಡಿ. ಒಂದು ತುಂಡು ಮುರಿದು, ಸುರುಳಿಯ ಒಳಮೈ ನೋಡಿ. ಬೂದು ಅಥವಾ ಕಪ್ಪು ಪುಡಿ ಉಜ್ಜಿದರೆ ಬೆರಳಿಗೆ ಹತ್ತುತ್ತದಾ? ಹತ್ತಿದರೆ ಇಡೀ ಡಬ್ಬಿ ಹೊರಗೆ. ತೊಳೆದು ಬಿಸಿಲಿಗೆ ಹಾಕಿದರೆ ವಾಸನೆ ಹೋಗುತ್ತದೆ ನಿಜ, ಆದರೆ ಬೂಷ್ಟು ಬಿಟ್ಟುಹೋದ ಬೇರೆ ವಿಷಗಳಿದ್ದರೆ ಅವು ಹಾಗೆ ಹಾರುವಂಥವಲ್ಲ. ನಾನೂ ಒಮ್ಮೆ ಜಿಪುಣತನ ಮಾಡಿ ಹುರಿದು ಹಾಕಿದ್ದೆ. ಒಂದು ಸೇರು ಅಕ್ಕಿಯ ಪಲಾವು ದನಕ್ಕೆ ಹೋಯಿತು, ದನವೂ ಮೂಸಿ ನೋಡಿ ಸುಮ್ನೆ ನಿಂತಿತು. ಮಳೆಗಾಲಕ್ಕೆ ಮುಂಚೆ ಸಾಮಾನು ಒಣಗಿಸುವಾಗ ಚಕ್ಕೆಯನ್ನೂ ಬಿಸಿಲು ಕಾಣಿಸಿ, ಸ್ವಲ್ಪ ಸ್ವಲ್ಪವೇ ತನ್ನಿ, ಒದ್ದೆ ಕೈ ಹಾಕಬೇಡಿ.

ಪ್ರಶ್ನೆ: ನಾನು ಮಲ್ಪೆಯಲ್ಲಿ ಫೈಬರ್ ಬೋಟಿನ ಕೆಲಸ ಮಾಡುವವನು. ರೆಸಿನ್ ಹಾಕುವಾಗ ಬರುವ ವಾಸನೆ ಮೊದಮೊದಲು ತಲೆನೋವು ತರುತ್ತಿತ್ತು, ಈಗ ಅಭ್ಯಾಸ ಆಗಿದೆ. ತೊಂದರೆ ಇಲ್ಲ ಅಲ್ವಾ?

ಉತ್ತರ: ಇದೆ. ಅಭ್ಯಾಸ ಆಗಿದ್ದು ಮೂಗಿಗೆ, ಮೈಗಲ್ಲ. ಬೋಟಿಗೆ ಬಳಸುವ ರೆಸಿನ್ನಿನಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಪಾಲು ಸ್ಟೈರೀನೇ ಇರುತ್ತದೆ. ಹಾರ್ಡ್ನರ್ ಸೇರಿದ ಮೇಲೆ ಬಹುಪಾಲು ಗಟ್ಟಿಯಾಗಿ ಬೋಟೇ ಆಗಿಬಿಡುತ್ತದೆ, ಉಳಿದದ್ದು ನಿಮ್ಮ ಎದೆಗೆ. ಇದರ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಬೋಟಿನ ಹೊಟ್ಟೆಯೊಳಗೆ ಬಗ್ಗಿ ಮ್ಯಾಟ್ ಮೇಲೆ ರೋಲರ್ ಎಳೆಯುವಾಗ ನೀವು ಅದರೊಳಗೇ ಮುಳುಗಿರುತ್ತೀರಿ. ಬಟ್ಟೆ ಕಟ್ಟಿಕೊಂಡರೆ, ಧೂಳಿನ ಮಾಸ್ಕ್ ಹಾಕಿದರೆ ಏನೂ ಪ್ರಯೋಜನವಿಲ್ಲ, ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಜೊತೆಗೆ ಹೊಟ್ಟೆಯ ತಳದಿಂದ ಗಾಳಿ ಎಳೆಯುವ ಫ್ಯಾನ್. ಬೀಡಿ ಮಾತ್ರ ಬೇಡವೇ ಬೇಡ, 31 ಡಿಗ್ರಿಗೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತದೆ, ಕರಾವಳಿಯ ಮಧ್ಯಾಹ್ನ ಅದಕ್ಕಿಂತ ಬಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಸ್ಟೈರೀನನ್ನು ಕ್ಯಾನ್ಸರ್ ತರುವ ಸಂಭವ ಇರುವ ಪಟ್ಟಿಗೆ ಸೇರಿಸಿದೆ.

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಕಾರ್ಖಾನೆಯಿಂದ ಸೋರಿ ಹತ್ತಕ್ಕೂ ಹೆಚ್ಚು ಜನರನ್ನು ಕೊಂದದ್ದೂ ಇದೇ. ಲಾಕ್‌ಡೌನಿನಲ್ಲಿ ನಿಂತಲ್ಲೇ ನಿಂತ ಟ್ಯಾಂಕು ಬಿಸಿಯಾಗಿ, ಸ್ಟೈರೀನ್ ತನಗೆ ತಾನೇ ಕೊಂಡಿ ಹಾಕಿಕೊಳ್ಳತೊಡಗಿ, ಅದರಿಂದ ಇನ್ನಷ್ಟು ಬಿಸಿಯಾಗಿ ಆವಿ ಹೊರಗೆ ನುಗ್ಗಿತು. ನಿಮ್ಮ ರೆಸಿನ್ ಡ್ರಮ್ಮನ್ನೂ ನೆರಳಲ್ಲಿಡಿ.

ಪ್ರಶ್ನೆ: ಬೂಷ್ಟಿನ ಕೈಯಲ್ಲಿ ಆಗುವುದಾದರೆ ಕಾರ್ಖಾನೆಗೂ ಬ್ಯಾಕ್ಟೀರಿಯಾದಿಂದಲೇ ಸ್ಟೈರೀನ್ ಮಾಡಿಸಬಹುದಲ್ಲ? (ಕಾಲೇಜು ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಮಾಡಿಸಿದ್ದಾರೆ. 2011ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಗಿಡದ ಒಂದು ಜೀನ್, ಯೀಸ್ಟಿನ ಒಂದು ಜೀನ್ ಎರಡನ್ನೂ ಇ. ಕೋಲೈಗೆ ಸೇರಿಸಿ, ಸಕ್ಕರೆ ಕೊಟ್ಟು ಸ್ಟೈರೀನ್ ತೆಗೆದರು. ಲೀಟರಿಗೆ 260 ಮಿಲಿಗ್ರಾಂ ತನಕ ಬಂತು. ಅಲ್ಲಿಗೆ ನಿಂತಿತು, ಏಕೆಂದರೆ 300ರ ಹತ್ತಿರ ಹೋದರೆ ಆ ಬ್ಯಾಕ್ಟೀರಿಯಾಕ್ಕೇ ಅದು ವಿಷ.