ಕಣ್ಣಿಗೆ ಕಾಣುವುದು ಒಂದೇ ಹುಲ್ಲು, ಆದರೂ ನದಿಬಯಲಿನ ಹುಲ್ಲುಗಾವಲಿಗೆ ಎರಡು ಹೆಸರು ಏಕೆ?

ಜರ್ಮನಿಯ ಎಲ್ಬೆ ನದಿಯ ನೆರೆಬಯಲಿನಲ್ಲಿ ಎಲ್ಲಿ ನೋಡಿದರೂ ಒಂದೇ ಹುಲ್ಲು, ಆದರೂ ಆವಾಸಸ್ಥಾನಗಳ ನಕ್ಷೆಯಲ್ಲಿ ಒಂದು ತುಂಡಿಗೆ 6440, ಪಕ್ಕದ್ದಕ್ಕೆ 6510 ಅಂತ ಯೂರೋಪಿಯನ್ ಒಕ್ಕೂಟದ ಪಟ್ಟಿಯ ಸಂಖ್ಯೆ ಏಕೆ ಬರೆದಿದ್ದಾರೆ ಎಂದು ಕೇಳಿದ್ದೀರಿ. ಓದುವ ದಿನಗಳಲ್ಲಿ ಅಂಥ ಹುಲ್ಲುಗಾವಲುಗಳಲ್ಲಿ ಮಂಡಿಯೂರಿ ಗಿಡ ಎಣಿಸಿದವನು ನಾನು, ಹಾಗಾಗಿ ಉತ್ತರಿಸುತ್ತೇನೆ.

ಮೊದಲು ಆ ಎತ್ತರದ ಹುಲ್ಲನ್ನು ಬಿಟ್ಟುಬಿಡಿ. ಅದು ಬಹುಶಃ ಅಲೊಪೆಕ್ಯುರಸ್ ಪ್ರಾಟೆನ್ಸಿಸ್. ತಗ್ಗಿನಲ್ಲೂ ಬರುತ್ತದೆ, ಕೊಂಚ ಏರಿನಲ್ಲೂ ಬರುತ್ತದೆ. ಹುಲ್ಲುಗಾವಲು ಯಾವ ಸಸ್ಯಗುಂಪಿಗೆ ಸೇರಿದ್ದು ಎಂಬುದು ತೀರ್ಮಾನವಾಗುವುದು ಅದರ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಅಡಗಿರುವ ಸಣ್ಣಪುಟ್ಟ ಗಿಡಗಳಿಂದ.

ಹೀಗೆ ಗುಂಪು ಗುರುತಿಸಲು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಬ್ರೌನ್-ಬ್ಲಾಂಕೆ 1928ರಲ್ಲಿ ಪುಸ್ತಕವಾಗಿ ತಂದ ಪದ್ಧತಿಯೇ ಯೂರೋಪಿನಲ್ಲಿ ಇವತ್ತಿಗೂ ಆಧಾರ. ಎಲ್ಲ ಕಡೆ ಒಂದೇ ಥರ ಕಾಣುವ ಜಾಗ ಆರಿಸಿ, ಹುಲ್ಲುಗಾವಲಾದರೆ ಸುಮಾರು 25 ಚದರ ಮೀಟರ್ ಅಳೆದು, ಒಳಗಿನ ಪ್ರತಿ ಜಾತಿಯನ್ನೂ ಬರೆದುಕೊಳ್ಳಬೇಕು. ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೆಲ ಮುಚ್ಚಿದ್ದಕ್ಕೆ 5, ಕಾಲಿನಿಂದ ಅರ್ಧ ಭಾಗ ಮುಚ್ಚಿದ್ದಕ್ಕೆ 3, ನಾಲ್ಕಾರು ಗಿಡ ಮಾತ್ರ ಇದ್ದರೆ ಕೂಡುವ ಚಿಹ್ನೆ. ಇಂಥ ಹತ್ತಾರು ಪಟ್ಟಿಗಳನ್ನು ಒಂದೇ ಕೋಷ್ಟಕಕ್ಕೆ ಹಾಕಿ ಸಾಲುಗಳನ್ನು ಹಿಂದೆಮುಂದೆ ಮಾಡಿದರೆ, ಯಾವ ಜಾತಿಗಳು ಸದಾ ಜೊತೆಗೇ ಬರುತ್ತವೆ ಎಂಬುದು ಗೊತ್ತಾಗುತ್ತದೆ. ಈಗ ಆ ಕೆಲಸ ಕಂಪ್ಯೂಟರಿನದು. ಹೂವಿಲ್ಲದ ಗಿಡವನ್ನು ಎಲೆ ನೋಡಿ ಗುರುತಿಸುವ ಫಜೀತಿ ಮಾತ್ರ ನಮ್ಮದೇ.

6440 ಅಂದರೆ ಕ್ನಿಡಿಯೊನ್ ಹುಲ್ಲುಗಾವಲು. ಹೆಸರು ಕೊಟ್ಟ ಕ್ನಿಡಿಯಮ್ ಡ್ಯೂಬಿಯಮ್ ಕೊತ್ತಂಬರಿ ಕುಟುಂಬದ್ದು, ಹೂವೂ ಹಾಗೆಯೇ ಬಿಳಿ ಗೊಂಚಲು. ಜೊತೆಗೆ ಎಲೆಯ ಅಡಿಯಲ್ಲಿ ಚೂಪಾದ ಏಣಿರುವ ಕಾಡು ಈರುಳ್ಳಿ ಅಲಿಯಮ್ ಆಂಗ್ಯುಲೋಸಮ್, ದನಗಳಿಗೆ ವಿಷವಾದ ಗ್ರಾಟಿಯೋಲಾ. ಇವು ಬೇಡುವುದು ಬರೀ ತೇವವನ್ನಲ್ಲ. ಚಳಿಗಾಲ, ವಸಂತದಲ್ಲಿ ನೆರೆ ನಿಲ್ಲಬೇಕು, ಬೇಸಿಗೆಯಲ್ಲಿ ಜೇಡಿಮಣ್ಣು ಬಿರುಕು ಬಿಡುವಷ್ಟು ಒಣಗಬೇಕು. ಜರ್ಮನಿಯ ಸಸ್ಯವಿಜ್ಞಾನಿ ಎಲೆನ್‌ಬರ್ಗ್ ಗಿಡಗಳಿಗೆ 1ರಿಂದ 12ರವರೆಗೆ ತೇವದ ಅಂಕ ಕೊಟ್ಟಾಗ, ಹೀಗೆ ನೆನೆದು ಒಣಗುವ ನೆಲದ ಗಿಡಗಳ ಅಂಕದ ಪಕ್ಕ ಪುಟ್ಟ ಅಲೆಗೆರೆ ಎಳೆದರು, ನೆರೆ ನಿಲ್ಲುವ ಕಡೆಯವಕ್ಕೆ ಸಮ ಚಿಹ್ನೆ ಹಾಕಿದರು. ನನಗೆ ಅಂಕಕ್ಕಿಂತ ಆ ಗೆರೆಯೇ ಹೆಚ್ಚು ಉಪಯೋಗಕ್ಕೆ ಬಂದದ್ದು.

ಮೊಣಕಾಲೆತ್ತರದಷ್ಟು ಮೇಲೆ ಹೋದರೂ ಸಾಕು, ನೆರೆ ಅಪರೂಪವಾಗಿ ಇವು ಮಾಯವಾಗುತ್ತವೆ. ಅದು ಸಾಮಾನ್ಯ ಹುಲ್ಲು ಕೊಯ್ಯುವ ಗಾವಲು, 6510. ಕೆಳಗೆ ನದಿಯತ್ತ ಇಳಿದರೆ ಕೇರೆಕ್ಸ್, ಫಲಾರಿಸ್ ಎಂಬ ಜೌಗುನೆಲದ ಹುಲ್ಲಿನಂಥ ಗಿಡಗಳ ಪೊದೆಗಳು. ಅವನ್ನು ಯಾರೂ ತಪ್ಪಾಗಿ ಗುರುತಿಸುವುದಿಲ್ಲ.

ಕ್ನಿಡಿಯೊನ್ ಪ್ರತ್ಯೇಕ ಗುಂಪೇ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ. ಚೆಕ್ ವರ್ಗೀಕರಣದಲ್ಲಿ ಅದು ಡೆಶಾಂಪ್ಸಿಯೊನ್ ಎಂಬ ಇನ್ನೊಂದು ಗುಂಪಿನೊಳಗೆ ಸೇರಿಹೋಗಿದೆ. ಆದರೆ 1992ರ ಯೂರೋಪಿಯನ್ ಒಕ್ಕೂಟದ ಆವಾಸಸ್ಥಾನ ನಿರ್ದೇಶನದ ಪಟ್ಟಿಯಲ್ಲಿ ಆ ಹೆಸರೇ ಕೂತಿರುವುದರಿಂದ ನಕ್ಷೆಯವರು ಅದನ್ನು ಬಿಡುವಂತಿಲ್ಲ.

ನೀವೇ ಹೋಗಿ ನೋಡುವುದಾದರೆ ಜೂನ್ ಹೊತ್ತಿಗೆ, ಮೊದಲ ಕೊಯ್ಲಿಗೆ ಮುಂಚೆ ಹೋಗಿ. ಕ್ನಿಡಿಯಮ್ ಆಗ ಹೂ ಬಿಟ್ಟಿರುವುದಿಲ್ಲ, ಎಲೆ ಹುಡುಕಬೇಕು. ಅನುಮಾನ ಉಳಿದರೆ ಆಗಸ್ಟ್‌ನಲ್ಲಿ ಇನ್ನೊಂದು ಸುತ್ತು ಹಾಕಿ, ಅಷ್ಟರಲ್ಲಿ ಹೂವು ಬಂದಿರುತ್ತದೆ.